ಬಂಗಾರಪೇಟೆ–ಮಾರಿಕುಪ್ಪಂ 16 ಕಿ.ಮೀ.: ಗಣಿ ಮುಚ್ಚಿದ ಮೇಲೂ ಓಡುತ್ತಿರುವ ರೈಲು

ಊರಿಗಾಂ ಪ್ರಯಾಣಿಕ

ನಮ್ಮ ಕಡೆಯ ರೈಲಿನ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಎಲ್ಲಾ ವಿಷಯ ಸೇರಲಿ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಬಂಗಾರಪೇಟೆಯಿಂದ ಕೆಜಿಎಫ್ ಮೂಲಕ ಮಾರಿಕುಪ್ಪಂವರೆಗೆ ಹೋಗುವ ಕವಲು ಮಾರ್ಗ ಇದು. ಉದ್ದ 16 ಕಿ.ಮೀ. ಅಷ್ಟೇ. ಮಾರಿಕುಪ್ಪಂನಲ್ಲಿ ಹಳಿ ಮುಗಿಯುತ್ತದೆ. ಬೆಂಗಳೂರು–ಚೆನ್ನೈ ಗಾಡಿಗಳಲ್ಲಿ ಓಡಾಡುವವರಿಗೆ ಇಂಥದೊಂದು ದಾರಿ ಇದೆ ಅಂತಲೇ ಗೊತ್ತಿರುವುದಿಲ್ಲ. ಆದರೆ ಕೆಜಿಎಫ್‌ನಲ್ಲಿ ಎಷ್ಟೋ ಮನೆಗಳ ತಿಂಗಳ ಸಂಬಳ ಈ ಹಳಿಯ ಮೇಲೆಯೇ ಬರುತ್ತದೆ.

ಮೊದಲು ಹಳೆಯ ಕಥೆ. ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬ್ರಾಡ್‌ಗೇಜ್ (ಅಗಲ ಅಳತೆಯ) ಹಳಿ ಹಾಕಿ 1864ರಲ್ಲಿ ಗಾಡಿ ಓಡಿಸಿದರು. ಬಂಗಾರಪೇಟೆ ಬೆಳೆದದ್ದು ಆ ಹಳಿಯಿಂದ. ಆಗ ಅದಕ್ಕೆ ಬೌರಿಂಗ್‌ಪೇಟೆ ಅಂತ ಹೆಸರು, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರು. ಆ ಹೊತ್ತಿಗೆ ಕೋಲಾರದ ಗಣಿ ಇನ್ನೂ ಶುರುವಾಗಿರಲಿಲ್ಲ. ಮಾರಿಕುಪ್ಪಂ, ಊರಿಗಾಂ ಸುತ್ತ ಮಣ್ಣಲ್ಲಿ ಚಿನ್ನ ಇದೆ ಅಂತ ಹಳ್ಳಿಯವರಿಗೆ ಗೊತ್ತಿತ್ತು. 1802ರಲ್ಲಿ ಸರ್ವೆಗೆ ಬಂದ ಜಾನ್ ವಾರನ್ ಅನ್ನುವ ಸೇನಾಧಿಕಾರಿಗೂ ಅವರೇ ತೋರಿಸಿದ್ದು. 1870ರ ದಶಕದಲ್ಲಿ ಮೈಕೆಲ್ ಲವೆಲ್ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಅಗೆಸಿದರು. ಬೆಂಗಳೂರಿನ ಲವೆಲ್ ರಸ್ತೆ ಅವರ ಹೆಸರಿನದೇ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಆಮೇಲೆ ಗಣಿ ನಿಜವಾಗಿ ಆಳಕ್ಕೆ ಇಳಿಯಿತು.

ಆಳದ ಗಣಿ ಅಂದರೆ ಬರೀ ಗುದ್ದಲಿ ಸಲಿಕೆ ಅಲ್ಲ. ಕಲ್ಲು ಕುಟ್ಟುವ ಯಂತ್ರ ಬೇಕು. ನೀರು ಎತ್ತುವ ಪಂಪು ಬೇಕು. ಅದಕ್ಕೆಲ್ಲ ಉಗಿ ಬೇಕು, ಉಗಿಗೆ ಸೌದೆ, ಕಲ್ಲಿದ್ದಲು ಬೇಕು. ಸುರಂಗ ಕುಸಿಯದ ಹಾಗೆ ಆನಿಸಿ ನಿಲ್ಲಿಸಲು ದಪ್ಪ ದಪ್ಪ ಮರದ ದಿಮ್ಮಿ ಬೇಕು. ಇದೆಲ್ಲ ರೈಲಲ್ಲಿ ಬಂಗಾರಪೇಟೆವರೆಗೆ ಬಂದರೂ ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಟನ್‌ಗಟ್ಟಲೆ ತೂಗುವ ಕಬ್ಬಿಣದ ಸಾಮಾನನ್ನು ಮಣ್ಣಿನ ದಾರಿಯಲ್ಲಿ ಎಳೆಸುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಅದಕ್ಕೇ ಮೈಸೂರು ಸರ್ಕಾರ ಈ ಕವಲು ಮಾರ್ಗ ಹಾಕಿಸಿತು. 1894ರಲ್ಲಿ ಗಾಡಿ ಓಡಿತು. ಮಹಾರಾಜರು ಹತ್ತನೇ ಚಾಮರಾಜೇಂದ್ರ ಒಡೆಯರ್, ದಿವಾನರು ಶೇಷಾದ್ರಿ ಅಯ್ಯರ್. ಹೆಸರು 'ಕೋಲಾರ್ ಗೋಲ್ಡ್ ಫೀಲ್ಡ್ಸ್ ರೈಲ್ವೆ'. ಹಳಿ ಮೈಸೂರು ಸಂಸ್ಥಾನದ್ದು, ಗಾಡಿ ಓಡಿಸುವ ಕೆಲಸ ಮದ್ರಾಸ್ ರೈಲ್ವೆಯದ್ದು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಮೈಸೂರು ಸಂಸ್ಥಾನ ಆಗ ಹಾಕುತ್ತಿದ್ದ ಹಳಿಗಳೆಲ್ಲ ಹೆಚ್ಚಾಗಿ ಮೀಟರ್‌ಗೇಜ್, ಅಂದರೆ ಒಂದು ಮೀಟರ್ ಅಗಲದವು. ಬೆಂಗಳೂರು–ಮೈಸೂರು ಕೂಡ ಮೀಟರ್‌ಗೇಜೇ. ಆದರೆ ಇದನ್ನು ಮಾತ್ರ ಮೊದಲ ದಿನದಿಂದಲೂ ಬ್ರಾಡ್‌ಗೇಜ್ ಮಾಡಿದರು. ಮದ್ರಾಸ್ ಬಂದರಿನಲ್ಲಿ ತುಂಬಿದ ವ್ಯಾಗನ್ ನಡುವೆ ಎಲ್ಲೂ ಸಾಮಾನು ಇಳಿಸದೆ ನೇರ ಗಣಿ ಬಾಗಿಲಿಗೆ ಬರಬೇಕಿತ್ತು. ಗೇಜ್ ಬೇರೆಯಾಗಿದ್ದರೆ ಬಂಗಾರಪೇಟೆಯಲ್ಲಿ ಎಲ್ಲವನ್ನೂ ಇಳಿಸಿ ಮತ್ತೆ ಏರಿಸಬೇಕಿತ್ತು. ಆ ಒಂದು ತೀರ್ಮಾನದ ಲಾಭ ಇವತ್ತು ಪಡೆಯುತ್ತಿರುವವರು ನಾವು. ಬೆಳಗ್ಗೆ ಮಾರಿಕುಪ್ಪಂನಲ್ಲಿ ಹತ್ತಿದವರು ಗಾಡಿ ಬದಲಿಸದೆ ಬೆಂಗಳೂರಲ್ಲಿ ಇಳಿಯಬಹುದು.

ನಿಲ್ದಾಣಗಳ ಹೆಸರು ನೋಡಿ. ಬಿಇಎಂಎಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಮೊದಲನೆಯದು ಬಿಟ್ಟರೆ ಉಳಿದವು ಗಣಿಗಳ ಕಾಲದ ಹೆಸರುಗಳು. ಬಂಗಾರಪೇಟೆ ಬಿಟ್ಟ ಮೇಲೆ ಹೊಲದ ನಡುವೆ ಒಂದು ಉದ್ದ ಓಟ. ಆಮೇಲೆ ನಿಲ್ದಾಣಗಳು ಅಕ್ಕಪಕ್ಕ. ಒಂದೊಂದು ಗಣಿಗೆ ಒಂದೊಂದು ನಿಲ್ದಾಣ ಬೇಕಾಗಿತ್ತು, ಅದಕ್ಕೇ ಹಾಗೆ.

ಗಣಿ 1956ರಲ್ಲಿ ರಾಜ್ಯ ಸರ್ಕಾರದ ಕೈಗೆ ಬಂತು. 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ 800 ಟನ್‌ಗೂ ಜಾಸ್ತಿ ಚಿನ್ನ ಕೊಟ್ಟ ನೆಲ ಇದು. ಸಾವಿರಾರು ಜನ ಒಂದೇ ಸಲಕ್ಕೆ ಕೆಲಸ ಕಳೆದುಕೊಂಡರು.

ನಾನು ಹೇಳಬೇಕಾದದ್ದು ಇಷ್ಟು. ಈ ಹಳಿ ಹಾಕಿದ್ದು ಕಂಪನಿಯ ಯಂತ್ರಕ್ಕೆ, ಕಲ್ಲಿದ್ದಲಿಗೆ. ಗಣಿ ಹೋಯಿತು, ಕಂಪನಿ ಹೋಯಿತು, ಕ್ಲಬ್ಬು ಬಂಗಲೆಗಳಲ್ಲಿ ಎಷ್ಟೋ ಪಾಳು ಬಿದ್ದವು. ಕೂಲಿಯವನ ಮಕ್ಕಳ ಪಾಲಿಗೆ ಉಳಿದ ಆಸ್ತಿ ಅಂದರೆ ಈ ರೈಲು. ಗಣಿ ಮುಚ್ಚಿದಾಗ ಹಳಿಯೂ ಇಲ್ಲದಿದ್ದರೆ ಅರ್ಧ ಊರು ಖಾಲಿಯಾಗುತ್ತಿತ್ತು. ಹಾಗಾಗಿ ಇದನ್ನು ಯಾವುದೋ ಮೂಲೆಯ ಕವಲು ದಾರಿ ಅಂತ ನೋಡಬಾರದು. ನಿಮ್ಮ ನೆನಪು, ಮಾಹಿತಿ, ತಕರಾರು ಎಲ್ಲಾ ಬರೆಯಿರಿ.

ಲೇಡೀಸ್ ಬೋಗಿ

ಒಳ್ಳೆಯ ವಿಷಯ ಎತ್ತಿದ್ದೀರಿ ಅಣ್ಣ. ನಾನು ಬಿಇಎಂಎಲ್ ನಗರದಲ್ಲಿ ಹತ್ತುವವಳು, ವೈಟ್‌ಫೀಲ್ಡ್‌ನಲ್ಲಿ ಇಳಿಯುವವಳು. ನಮ್ಮ ಬೋಗಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು, ಟೀಚರ್‌ಗಳು, ಆಫೀಸಿನಲ್ಲಿ ಹೌಸ್‌ಕೀಪಿಂಗ್ ಮಾಡುವವರು, ಕಾಲೇಜು ಹುಡುಗಿಯರು ಎಲ್ಲಾ ಇರುತ್ತಾರೆ. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲಾ ಒಂದೇ ಸೀಟಿನಲ್ಲಿ. ಮನೆಯಲ್ಲಿ ಬೆಳಗ್ಗೆ ತಿಂಡಿ ತಿನ್ನಲು ಆಗಲ್ಲ ಅಲ್ವಾ, ಮಾಲೂರು ಬರುವಷ್ಟರಲ್ಲಿ ಡಬ್ಬಿಗಳು ತೆರೆಯುತ್ತವೆ. ಒಬ್ಬರ ಚಿತ್ರಾನ್ನ ಇನ್ನೊಬ್ಬರ ಇಡ್ಲಿಗೆ ಬದಲಾಗುತ್ತದೆ. ಹೂ ಕಟ್ಟುವವರು ಕಟ್ಟುತ್ತಾರೆ. ತಿಂಗಳ ಚೀಟಿ ಕೂಡ ಅಲ್ಲೇ ನಡೆಯುತ್ತದೆ.

ಸೀಸನ್ ಟಿಕೆಟ್ ಇರುವುದರಿಂದ ಬಸ್ಸಿಗೆ ಕೊಡುವ ದುಡ್ಡಿನ ಒಂದು ಸಣ್ಣ ಭಾಗದಲ್ಲಿ ತಿಂಗಳು ಪೂರ್ತಿ ಓಡಾಡುತ್ತೇವೆ. ಸಂಬಳ ಕಡಿಮೆ ಇರುವ ಹೆಣ್ಣುಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗಲು ಸಾಧ್ಯವಾಗಿರುವುದೇ ಇದರಿಂದ. ಬಾಡಿಗೆ, ಅಡ್ವಾನ್ಸ್ ಕೊಟ್ಟು ಅಲ್ಲೇ ಮನೆ ಮಾಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

2023ರಲ್ಲಿ ಮೆಟ್ರೋ ವೈಟ್‌ಫೀಲ್ಡ್‌ಗೆ ಬಂದ ಮೇಲೆ ಇನ್ನೂ ಅನುಕೂಲ. ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಮೆಟ್ರೋ. ಮೊದಲು ಕೆ.ಆರ್.ಪುರದಿಂದ ಬಸ್ಸಿಗೆ ಒದ್ದಾಡುತ್ತಿದ್ದವರೆಲ್ಲ ಈಗ ಅಲ್ಲೇ ಇಳಿದು ನೇರಳೆ ಮಾರ್ಗ ಹಿಡಿಯುತ್ತಾರೆ.

ಗಾರ್ಡ್ ಡಬ್ಬಿ

ನಾನು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ಈಗ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅನ್ನುತ್ತಾರೆ, 2022ರಲ್ಲಿ ಹೆಸರು ಬದಲಾಯಿತು. ಕೊನೆ ಮುಟ್ಟಿದ ಗಾಡಿ ವಾಪಸ್ ಹೇಗೆ ಬರುತ್ತದೆ ಅನ್ನುವುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಜಿನ್ ಇದ್ದ ಕಾಲದಲ್ಲಿ ಇಂಥ ಕೊನೆ ನಿಲ್ದಾಣದಲ್ಲಿ ಒಂದು ದೊಡ್ಡ ಕೆಲಸ ಇರುತ್ತಿತ್ತು. ಗಾಡಿ ಬಂದು ನಿಂತ ತಕ್ಷಣ ಪಾಯಿಂಟ್ಸ್‌ಮನ್ ಇಂಜಿನ್ ಮತ್ತು ಮೊದಲ ಬೋಗಿ ನಡುವೆ ಇಳಿಯುತ್ತಿದ್ದ. ಬ್ರೇಕಿನ ರಬ್ಬರ್ ಪೈಪು ಬಿಚ್ಚಬೇಕು. ಆಮೇಲೆ ಕಪ್ಲಿಂಗ್‌ನ ಸ್ಕ್ರೂ ತಿರುಗಿಸಿ ಸಡಿಲ ಮಾಡಿ, ಕೊಂಡಿ ಎತ್ತಿ ತೆಗೆಯಬೇಕು. ಕೈಗೆಲ್ಲ ಗ್ರೀಸು. ಇಂಜಿನ್ ಮುಂದೆ ಹೋಗಿ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟಿ ನಿಲ್ಲುತ್ತದೆ. ಪಾಯಿಂಟ್ ಬದಲಾಗುತ್ತದೆ. ಪಕ್ಕದ ಲೂಪ್ ಹಳಿಯಲ್ಲಿ ಗಾಡಿಯ ಉದ್ದಕ್ಕೂ ಹಿಂದಕ್ಕೆ ಬಂದು, ಇನ್ನೊಂದು ತುದಿಗೆ ಹೋಗಿ ಮೆಲ್ಲಗೆ ತಾಗಬೇಕು. ಮತ್ತೆ ಕೊಂಡಿ, ಮತ್ತೆ ಪೈಪು, ಆಮೇಲೆ ಬ್ರೇಕ್ ಪರೀಕ್ಷೆ.

ಅಷ್ಟರಲ್ಲಿ ಗಾರ್ಡ್ ತನ್ನ ಪೆಟ್ಟಿಗೆ, ಬಾವುಟ, ದೀಪ ಎತ್ತಿಕೊಂಡು ಈ ತುದಿಯಿಂದ ಆ ತುದಿಗೆ ನಡೆಯಬೇಕು. ಹಿಂದಿನ ಬೋಗಿಗೆ ಹಾಕುವ 'ಎಲ್‌ವಿ' ಬೋರ್ಡ್ ಕೂಡ ಬದಲಾಗಬೇಕು. ಕೊನೆಯ ಬೋಗಿ ಇದೇ ಅನ್ನುವ ಗುರುತು ಅದು. ಪ್ರತಿ ಸ್ಟೇಷನ್‌ನಲ್ಲೂ ಆ ಬೋರ್ಡ್ ಕಂಡರೆ ಮಾತ್ರ ಗಾಡಿ ಪೂರ್ತಿ ಬಂದಿದೆ, ದಾರಿಯಲ್ಲಿ ಯಾವ ಬೋಗಿಯೂ ಕಳಚಿ ಉಳಿದಿಲ್ಲ ಅಂತ ಖಾತ್ರಿ. ರಾತ್ರಿ ಹೊತ್ತು ಅದಕ್ಕೆ ಕೆಂಪು ದೀಪ.

ಈಗ ಮೆಮು (ಬೇರೆ ಇಂಜಿನ್ ಬೇಡದ ವಿದ್ಯುತ್ ಗಾಡಿ) ಬಂದ ಮೇಲೆ ಇದೆಲ್ಲ ಇಲ್ಲ. ಎರಡು ತುದಿಯಲ್ಲೂ ಚಾಲಕನ ಕೋಣೆ ಇರುತ್ತದೆ. ಮಾರಿಕುಪ್ಪಂ ಮುಟ್ಟಿದ ಮೇಲೆ ಲೋಕೋ ಪೈಲಟ್ ಈ ಕಡೆಯಿಂದ ಆ ಕಡೆಗೆ ನಡೆದು ಹೋಗುತ್ತಾರೆ, ಟ್ರೇನ್ ಮ್ಯಾನೇಜರ್ ಆ ಕಡೆಯಿಂದ ಈ ಕಡೆಗೆ. ಗಾಡಿ ಹೊರಡಲು ಸಿದ್ಧ. ಸಾಮಾನ್ಯವಾಗಿ ನಾಲ್ಕು ಬೋಗಿಗೆ ಒಂದರಂತೆ ಮೋಟರ್ ಕೋಚ್, ಅಂದರೆ ಗಾಡಿ ಎಳೆಯುವ ಬೋಗಿ ಇರುತ್ತದೆ. ಎಳೆಯುವ ಶಕ್ತಿ ಗಾಡಿಯ ಉದ್ದಕ್ಕೂ ಹಂಚಿರುವುದರಿಂದ ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಥರ ಅಕ್ಕಪಕ್ಕ ನಿಲ್ದಾಣ ಇರುವ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಇಂಜಿನ್ ಗಾಡಿ ವೇಗ ಹಿಡಿಯುವಷ್ಟರಲ್ಲಿ ಮುಂದಿನ ನಿಲ್ದಾಣಕ್ಕೆ ಬ್ರೇಕ್ ಹಾಕಬೇಕಾಗುತ್ತಿತ್ತು.

ಚಿಂತಾಮಣಿ ಚಿಕ್ಕ ಹಳಿ

ಗಾರ್ಡ್ ಸಾರ್, ಒಂಟಿ ಹಳಿಯಲ್ಲಿ ಎದುರಿನಿಂದ ಗಾಡಿ ಬರದಂತೆ ಹಿಂದೆ ಹೇಗೆ ನೋಡಿಕೊಳ್ಳುತ್ತಿದ್ದರು? ಟೋಕನ್ ಅಂತ ಕೇಳಿದ್ದೇನೆ. ಸರಿಯಾಗಿ ಗೊತ್ತಿಲ್ಲ.

ಗಾರ್ಡ್ ಡಬ್ಬಿ

ನಾನು ಕೆಲಸ ಮಾಡಿದ ಒಂಟಿ ಹಳಿಗಳಲ್ಲಿ ಹೀಗಿತ್ತು. ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿ. ಯಂತ್ರದೊಳಗೆ ಕಬ್ಬಿಣದ ಗುಂಡುಗಳು. ಆ ಕಡೆ ಸ್ಟೇಷನ್ ಮಾಸ್ಟರ್ ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆ ಒಂದು ಗುಂಡು ಹೊರಗೆ ಬರುತ್ತದೆ. ಒಂದು ಬಂದ ಮೇಲೆ ಅದನ್ನು ವಾಪಸ್ ಹಾಕುವವರೆಗೆ ಎರಡೂ ಕಡೆ ಇನ್ನೊಂದು ಬರುವುದಿಲ್ಲ. ಆ ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ದೊಡ್ಡ ಬೆತ್ತದ ಬಳೆಗೆ ಕಟ್ಟಿ ಡ್ರೈವರ್‌ಗೆ ಕೊಡುತ್ತಿದ್ದರು. ನಿಲ್ಲದೆ ಹೋಗುವ ಗಾಡಿಯಾದರೆ ಫೈರ್‌ಮನ್ ಕೈ ಹೊರಗೆ ಚಾಚಿ ಆ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಮಳೆ, ಕತ್ತಲು, ಹೊಗೆ ಯಾವುದೇ ಇರಲಿ, ತಪ್ಪಬಾರದು. ಟೋಕನ್ ಕೈಯಲ್ಲಿಲ್ಲದೆ ಗಾಡಿ ಮುಂದಿನ ಹಳಿಗೆ ಇಳಿಯುವಂತೆಯೇ ಇರಲಿಲ್ಲ.

ಚಿಂತಾಮಣಿ ಚಿಕ್ಕ ಹಳಿ

ತುಂಬಾ ಥ್ಯಾಂಕ್ಸ್ ಸಾರ್. ನಾನು ಬಂಗಾರಪೇಟೆಯ ಇನ್ನೊಂದು ಕವಲಿನ ಮಾತು ಸೇರಿಸುತ್ತೇನೆ. ಅದನ್ನು ಬಿಟ್ಟರೆ ಈ ಚರ್ಚೆ ಅರ್ಧ ಆಗುತ್ತದೆ.

ಕೆಜಿಎಫ್‌ಗೆ ಬ್ರಾಡ್‌ಗೇಜ್ ಬಂತು. ಜಿಲ್ಲೆಯ ಹೆಸರು ಹೊತ್ತ ಕೋಲಾರಕ್ಕೆ ಬಂದದ್ದು 1913ರಲ್ಲಿ, ಅದೂ ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್. ಚಿನ್ನ ಇರುವ ಕಡೆಗೆ ಐದೂವರೆ ಅಡಿ ಹಳಿ, ಕಡಲೆಕಾಯಿ ಬೆಳೆಯುವ ಕಡೆಗೆ ಎರಡೂವರೆ ಅಡಿ. ಅಲ್ಲಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದವರೆಗೆ ಹಳಿ ಬೆಳೆಯಿತು. ಅತ್ತ ಬೆಂಗಳೂರು ಕಡೆಯಿಂದ ಯಲಹಂಕ, ದೇವನಹಳ್ಳಿ, ನಂದಿ ಮೂಲಕ 1915ರಲ್ಲೇ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ಲೈಟ್ ರೈಲ್ವೆ ಬಂದಿತ್ತು. ಎರಡೂ ಸೇರಿ ಒಂದು ಸುತ್ತು ಆಯಿತು. ಮಾವಿನ ಊರು, ರೇಷ್ಮೆಯ ಊರು, ದ್ರಾಕ್ಷಿಯ ಊರು ಎಲ್ಲ ಆ ಪುಟ್ಟ ಗಾಡಿಯ ದಾರಿಯಲ್ಲಿದ್ದವು.

ಗಾಡಿ ನಿಧಾನ ನಿಜ. ಆದರೆ ಬಸ್ಸಿಲ್ಲದ ಕಾಲದಲ್ಲಿ ಸಂತೆಗೆ ಹೋಗುವವರಿಗೆ ಅದೇ ದೊಡ್ಡ ಆಸರೆ. ತೊಂದರೆ ಇದ್ದದ್ದು ಬಂಗಾರಪೇಟೆಯಲ್ಲಿ. ಮೂಟೆ ಎಲ್ಲಾ ಚಿಕ್ಕ ವ್ಯಾಗನ್‌ನಿಂದ ಇಳಿಸಿ ದೊಡ್ಡ ವ್ಯಾಗನ್‌ಗೆ ಹೊರಬೇಕಿತ್ತು. ಲಾರಿ ಬಂದ ಮೇಲೆ ಯಾರು ಎರಡು ಸಲ ಹಮಾಲಿ ಕೊಡುತ್ತಾರೆ? ಸರಕು ಕೈಬಿಟ್ಟಿತು. ಸರಕು ಹೋದ ಮೇಲೆ ಜನರಿಗೋಸ್ಕರ ಮಾತ್ರ ನ್ಯಾರೋ ಗೇಜ್ ಓಡಿಸುವುದು ಕಷ್ಟ. ಕೊನೆಗೆ ತುಂಡು ತುಂಡಾಗಿ ಬ್ರಾಡ್‌ಗೇಜ್ ಆಯಿತು. ಬಂಗಾರಪೇಟೆ–ಕೋಲಾರ ನಡುವೆ ಎಷ್ಟೋ ಕಾಲ ರೈಲ್‌ಬಸ್ ಓಡಾಡಿತು. ಕೋಲಾರ–ಚಿಕ್ಕಬಳ್ಳಾಪುರ ಭಾಗ ಪೂರ್ತಿಯಾದದ್ದು 2013ರಲ್ಲಿ. ನಡುವೆ ವರ್ಷಗಟ್ಟಲೆ ಚಿಂತಾಮಣಿಗೆ ರೈಲೇ ಇರಲಿಲ್ಲ. ಒಂದು ತಲೆಮಾರಿಗೆ ರೈಲಿನ ಅಭ್ಯಾಸವೇ ತಪ್ಪಿಹೋಯಿತು. ಈಗ ಗಾಡಿ ಇದ್ದರೂ ಜನ ಬಸ್ ಸ್ಟ್ಯಾಂಡ್ ಕಡೆಗೇ ಹೋಗುತ್ತಾರೆ.

ಅದಕ್ಕೇ ಹೇಳುತ್ತೇನೆ, ಕೆಜಿಎಫ್‌ನವರು ಪುಣ್ಯವಂತರು. ನಿಮ್ಮ ಕಡೆ ಅಷ್ಟು ವರ್ಷ ರೈಲು ನಿಲ್ಲಲಿಲ್ಲ.

ಕೋಲಾರದ ಮೇಷ್ಟ್ರು

ಚಿಕ್ಕ ಹಳಿಯವರು ಹೇಳಿದ ಐದೂವರೆ ಅಡಿ, ಎರಡೂವರೆ ಅಡಿಯ ಮಾತು ಸರಿಯಾದದ್ದೇ. ಇದರ ಜೊತೆ ವಿದ್ಯುತ್ ಕಥೆಯನ್ನೂ ಇಟ್ಟು ನೋಡಬೇಕು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ರೈಲು ಮೊದಲು, ಕರೆಂಟ್ ಮೊದಲು, ಬೇತಮಂಗಲದ ಕೆರೆಯಿಂದ ಕೊಳಾಯಿ ನೀರು. ಸಂಸ್ಥಾನಕ್ಕೆ ಗಣಿಯಿಂದ ರಾಯಧನ ಬರುತ್ತಿತ್ತು. ಹಾಗಾಗಿ ಗಣಿಗೆ ಏನು ಬೇಕೋ ಅದೆಲ್ಲ ಮೊದಲು ಸಿಕ್ಕಿತು. ಶಿವನಸಮುದ್ರದ ಕರೆಂಟಿಗೆ ಗಿರಾಕಿ ಸಿಕ್ಕಿದ್ದೂ ಗಣಿಯಿಂದಲೇ. ಕರೆಂಟ್ ಬಂದ ಮೇಲೆ ಗಣಿಗೆ ಕಲ್ಲಿದ್ದಲಿನ ಅವಲಂಬನೆ ತಗ್ಗಿತು. ಅಂದರೆ ಹಳಿ ಹಾಕಲು ಇದ್ದ ದೊಡ್ಡ ಕಾರಣಗಳಲ್ಲೊಂದು ಎಂಟೇ ವರ್ಷದಲ್ಲಿ ಸಣ್ಣದಾಗತೊಡಗಿತು.

ಆದರೆ ಜನ ಬರುವುದು ನಿಲ್ಲಲಿಲ್ಲ. ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ತಮಿಳರು, ಚಿತ್ತೂರು ಕಡೆಯಿಂದ ತೆಲುಗರು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು. ಆರ್ಕಾಟ್ ಸೀಮೆಯಿಂದ ಬಂದವರಲ್ಲಿ ಬಹಳಷ್ಟು ಮಂದಿ ದಲಿತರು. ಊರಲ್ಲಿ ಭೂಮಿ ಇಲ್ಲ, ಜಮೀನ್ದಾರರ ಕೈಕೆಳಗೆ ದುಡಿಮೆ. ಇಲ್ಲಿ ಅಪಾಯದ ಕೆಲಸ, ಆದರೆ ಕೈಗೆ ಕೂಲಿ. ತಗಡು, ಬಿದಿರು ತಟ್ಟಿಯ ಲೈನ್ ಮನೆಗಳಲ್ಲಿ ಇದ್ದುಕೊಂಡೇ ಮಕ್ಕಳನ್ನು ಶಾಲೆಗೆ ಕಳಿಸಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಷ್ಟು ಆಳದಲ್ಲಿ ಕಲ್ಲು ತಾನಾಗಿ ಸಿಡಿಯುತ್ತಿತ್ತು. ಸಿಡಿದಾಗ ಮೇಲೆ ಮನೆಗಳಲ್ಲಿ ಪಾತ್ರೆ ಅದುರುತ್ತಿದ್ದವು. ಯಾರ ಮನೆಯವರು ಆ ಹೊತ್ತು ಶಿಫ್ಟ್‌ನಲ್ಲಿದ್ದಾರೆ ಅಂತ ಹೆಂಗಸರು ಹೊರಗೆ ಓಡಿ ಬರುತ್ತಿದ್ದರು.

ಪ್ರಯಾಣಿಕರೇ, ನೀವು ಹೇಳಿದ ಮಾತಿಗೆ ಇದನ್ನು ಸೇರಿಸುತ್ತೇನೆ. ಒಂದು ಕಾಲಕ್ಕೆ ಈ ಗಾಡಿ ದುಡಿಯುವವರನ್ನು ಕೆಜಿಎಫ್‌ಗೆ ತರುತ್ತಿತ್ತು. ಈಗ ಅವರ ಮೊಮ್ಮಕ್ಕಳನ್ನು ಬೆಂಗಳೂರಿಗೆ ಒಯ್ಯುತ್ತದೆ. ರೈಲಿನ ಚರಿತ್ರೆ ಬರೆಯುವವರು ದಿವಾನರು, ಕಂಪನಿ, ಇಂಜಿನಿಯರುಗಳ ಹೆಸರು ಬರೆದು ಮುಗಿಸುತ್ತಾರೆ. ಮೂರನೇ ದರ್ಜೆಯಲ್ಲಿ ಗಂಟುಮೂಟೆ ಸಮೇತ ಬಂದಿಳಿದವರ ಹೆಸರು ಯಾವ ಕಡತದಲ್ಲೂ ಸಿಗುವುದಿಲ್ಲ. ನಿಮ್ಮ ಮನೆಯ ಹಿರಿಯರು ಯಾವ ವರ್ಷ, ಯಾವ ಊರಿಂದ, ಯಾರ ಜೊತೆ ಬಂದರು ಅಂತ ಕೇಳಿ ಬರೆದಿಡಿ. ಅದು ತುಂಬಾ ಮುಖ್ಯ.

ಕುಪ್ಪಂ ಕ್ರಾಸ್

ಎಲ್ಲರೂ ಹಳೆಯದನ್ನೇ ಹೇಳುತ್ತಿದ್ದೀರಿ. ಮುಂದಿನ ಮಾತು ಯಾರು ಆಡುತ್ತಾರೆ? ಮಾರಿಕುಪ್ಪಂನಿಂದ ಕುಪ್ಪಂಗೆ ಹೊಸ ಮಾರ್ಗ ಮಂಜೂರಾಗಿ ಹತ್ತು ವರ್ಷದ ಮೇಲಾಯಿತು. ಹೆಚ್ಚು ಕಡಿಮೆ 24 ಕಿ.ಮೀ. ಅಷ್ಟೇ. ಅದು ಪೂರ್ತಿಯಾದರೆ ನಮ್ಮ ಹಳಿ ಮತ್ತೆ ಬೆಂಗಳೂರು–ಜೋಲಾರಪೇಟೆ ಮುಖ್ಯ ಮಾರ್ಗಕ್ಕೇ ಸೇರುತ್ತದೆ. ಕುಪ್ಪಂನಲ್ಲಿ ದ್ರಾವಿಡ ವಿಶ್ವವಿದ್ಯಾಲಯ ಇದೆ, ಮೆಡಿಕಲ್ ಕಾಲೇಜು ಇದೆ. ಕೆಜಿಎಫ್‌ನ ಹುಡುಗರು ಈಗ ರೈಲಲ್ಲಿ ಹೋಗಬೇಕಂದರೆ ಹಿಂದಕ್ಕೆ ಬಂಗಾರಪೇಟೆಗೆ ಹೋಗಿ ಅಲ್ಲಿಂದ ಬೇರೆ ಗಾಡಿ ಹಿಡಿಯಬೇಕು. ಚೆನ್ನೈ, ಕಾಟ್ಪಾಡಿ ಕಡೆ ನೆಂಟರಿರುವವರ ಪಾಡೂ ಅದೇ. ದಾರಿ ಕೊನೆಯಾಗುವ ಊರಿಗೆ ಯಾವ ಕಾರ್ಖಾನೆ ಬರುತ್ತದೆ ಹೇಳಿ.

ಲೇಡೀಸ್ ಬೋಗಿ

ಅದು ಬಂದರೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ನನಗೆ ಒಂದು ಭಯ ಇದೆ. ಈಗ ನಮ್ಮ ಗಾಡಿ ಮಾರಿಕುಪ್ಪಂನಲ್ಲೇ ಹುಟ್ಟುತ್ತದೆ. ಖಾಲಿ ಇರುತ್ತದೆ, ಸೀಟು ಸಿಗುತ್ತದೆ. ನಾಳೆ ಅದೇ ಗಾಡಿ ಜೋಲಾರಪೇಟೆಯಿಂದ ಬಂದರೆ? ಅಲ್ಲಿಂದಲೇ ತುಂಬಿಕೊಂಡು ಬರುತ್ತದೆ. ಆಗ ಚಾಂಪಿಯನ್, ಊರಿಗಾಂನಲ್ಲಿ ಹತ್ತುವವರು ಎರಡು ಗಂಟೆಗೂ ಮೇಲೆ ನಿಂತೇ ಹೋಗಬೇಕು. ಬಸುರಿಯರು, ವಯಸ್ಸಾದವರು ಎಲ್ಲಾ ಇರುತ್ತಾರೆ. ಎಕ್ಸ್‌ಪ್ರೆಸ್ ಬಂದರೆ ನಮ್ಮ ಪುಟ್ಟ ನಿಲ್ದಾಣಗಳಲ್ಲಿ ನಿಲ್ಲುತ್ತದಾ?

ಕುಪ್ಪಂ ಕ್ರಾಸ್

ಅಕ್ಕ, ಆ ಭಯಕ್ಕೆ ಊರನ್ನೇ ಮುಚ್ಚಿದ ಓಣಿ ಮಾಡಿ ಇಡೋದು ಸರಿಯಾ? ಮಾರಿಕುಪ್ಪಂನಿಂದ ಹೊರಡುವ ಗಾಡಿಗಳನ್ನು ಹಾಗೇ ಇಟ್ಟು ಹೊಸ ಗಾಡಿ ಬೇರೆ ಹಾಕಿ ಅಂತ ಕೇಳೋಣ.

ಗಾರ್ಡ್ ಡಬ್ಬಿ

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕೇಳುವಾಗ ಸರಿಯಾದ ಕೆಲಸ ಕೇಳಬೇಕು. ಹೊಸ 24 ಕಿ.ಮೀ. ಹಳಿ ಬಂದರೆ ಸಾಲದು. ಈಗಿರುವ 16 ಕಿ.ಮೀ. ಒಂಟಿ ಹಳಿ. ಅದರ ಮೇಲೆ ಮೆಮು, ಎಕ್ಸ್‌ಪ್ರೆಸ್, ಗೂಡ್ಸ್ ಎಲ್ಲಾ ಬಂದರೆ ಒಂದಕ್ಕೊಂದು ದಾರಿ ಬಿಡಲು ನಿಲ್ದಾಣಗಳಲ್ಲಿ ಲೂಪ್ ಬೇಕು. ಲೂಪ್ ಇಲ್ಲದ ಕಡೆ ಎರಡು ಗಾಡಿ ಎದುರಾಗುವಂತಿಲ್ಲ. ಒಂದು ಹಿಂದಿನ ಸ್ಟೇಷನ್‌ನಲ್ಲೇ ಕಾಯಬೇಕು. ಕಾಯುವುದು ಸಾಮಾನ್ಯವಾಗಿ ಮೆಮು ಗಾಡಿಯೇ. ಲೇಡೀಸ್ ಬೋಗಿಯವರ ಭಯಕ್ಕೆ ಕಾರಣ ಇಲ್ಲದಿಲ್ಲ.

ಇನ್ನೊಂದು ವಿಷಯ. ಈ 16 ಕಿ.ಮೀ. ಬರೀ ಒಂದು ತುದಿ. ನಿಮ್ಮ ಗಾಡಿ ತಡವಾಗುವುದು ಹೆಚ್ಚಾಗಿ ಇಲ್ಲಲ್ಲ, ವೈಟ್‌ಫೀಲ್ಡ್ ದಾಟಿದ ಮೇಲೆ. ಚೆನ್ನೈ, ತಿರುಪತಿ, ಕೇರಳ ಕಡೆಯ ಗಾಡಿಗಳೆಲ್ಲ ಅದೇ ಹಳಿಗೆ ಬರುತ್ತವೆ. ದೂರದ ಗಾಡಿ ಒಂದು ತಡವಾಗಿ ಬಂದರೂ ಮೆಮುವನ್ನು ಪಕ್ಕಕ್ಕೆ ಹಾಕುತ್ತಾರೆ. ವೈಟ್‌ಫೀಲ್ಡ್–ದಂಡು ನಡುವೆ ನಾಲ್ಕು ಹಳಿ ಆಗುವ ಯೋಜನೆ ಇದೆಯಲ್ಲ, ಕೆಜಿಎಫ್‌ನವರು ಅದಕ್ಕೂ ಗಟ್ಟಿಯಾಗಿ ದನಿ ಎತ್ತಬೇಕು. ಊರಿನ ಹಳಿ ಬಗ್ಗೆ ಮಾತ್ರ ಕೇಳಿದರೆ ಅರ್ಧ ಕೆಲಸ.

ಊರಿಗಾಂ ಪ್ರಯಾಣಿಕ

ಗಾರ್ಡ್ ಸಾರ್ ಹೇಳಿದ್ದು ಸರಿ. ನನ್ನ ಅನಿಸಿಕೆ ಹೇಳುತ್ತೇನೆ. ಕುಪ್ಪಂ ಮಾರ್ಗ ಬೇಕು. ಆದರೆ ಅದಕ್ಕೋಸ್ಕರ ಬೆಳಗಿನ ಗಾಡಿಗಳನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ನಮ್ಮಲ್ಲಿ ದೊಡ್ಡ ಕೆಲಸ ಅಂತ ಇರುವುದು ಭಾರೀ ಯಂತ್ರ ತಯಾರಿಸುವ ಬಿಇಎಂಎಲ್ ಮಾತ್ರ, ಅದೂ 1964ರಲ್ಲಿ ಶುರುವಾದ ಕಂಪನಿ. ಉಳಿದವರಿಗೆ ಬೆಂಗಳೂರೇ ಗತಿ. ಆ ಊರಲ್ಲಿ ಎಂಟೂವರೆಗೆ ಪಂಚಿಂಗ್ ಮಾಡಬೇಕಾದವನಿಗೆ ಹದಿನೈದು ನಿಮಿಷ ತಡ ಅಂದರೆ ಅರ್ಧ ದಿನದ ಸಂಬಳ. ಹಾಗಾಗಿ ಮೊದಲ ಬೇಡಿಕೆ ಮಾರಿಕುಪ್ಪಂನಿಂದಲೇ ಹೊರಡುವ ಗಾಡಿಗಳು ಉಳಿಯಬೇಕು, ಬೋಗಿ ಜಾಸ್ತಿಯಾಗಬೇಕು. ಎರಡನೆಯದು ಲೂಪ್. ಆಮೇಲೆ ಕುಪ್ಪಂ.

ನಿಲ್ದಾಣಗಳ ಬಗ್ಗೆಯೂ ಒಂದು ಮಾತು. ಚಿಕ್ಕಬಳ್ಳಾಪುರ ದಾರಿಯಲ್ಲಿ ದೇವನಹಳ್ಳಿ, ನಂದಿಯ ಹಳೆಯ ನಿಲ್ದಾಣದ ಕಟ್ಟಡಗಳನ್ನು ರಿಪೇರಿ ಮಾಡಿ ಚೆನ್ನಾಗಿ ಇಟ್ಟಿದ್ದಾರೆ. ನಮ್ಮ ಕಡೆಯೂ ಹಾಗೆ ಆಗಬೇಕು. ಗಣಿಯ ಕಥೆ, ರೈಲಿನ ಕಥೆ ಹೇಳುವ ಒಂದು ಕೋಣೆ ಊರಿಗಾಂನಲ್ಲೋ ಮಾರಿಕುಪ್ಪಂನಲ್ಲೋ ಬರಲಿ. ಹಳೇ ರಟ್ಟಿನ ಟಿಕೆಟ್, ಗಣಿಯ ಟೋಕನ್ ಬಿಲ್ಲೆ, ಲೈನ್ ಮನೆಯ ಫೋಟೋ ಯಾರ ಮನೆಯಲ್ಲಿದ್ದರೂ ಹೊರಗೆ ಹಾಕಬೇಡಿ, ಮೊದಲು ಒಂದು ಫೋಟೋ ತೆಗೆದಿಡಿ.

ಬಿ.ಎ. ಎರಡನೇ ವರ್ಷ

ನಮಸ್ಕಾರ. ನಾನು ಇತಿಹಾಸ ಓದುತ್ತಿದ್ದೇನೆ, ತುಮಕೂರು ಕಡೆಯವಳು. ಇದನ್ನೆಲ್ಲ ಓದಿ ಈ ಮಾರ್ಗದ ಮೇಲೆ ಪ್ರಾಜೆಕ್ಟ್ ಮಾಡಬೇಕು ಅನಿಸಿದೆ. ಒಂದು ದಿನದಲ್ಲಿ ಬಂದು ಏನು ನೋಡಬಹುದು? ಗಣಿ ಒಳಗೆ ಬಿಡುತ್ತಾರಾ?

ಕೋಲಾರದ ಮೇಷ್ಟ್ರು

ಖಂಡಿತ ಬಾಮ್ಮಾ. ಗಣಿ ಒಳಗೆ ಬಿಡುವುದಿಲ್ಲ, ಶಾಫ್ಟ್‌ಗಳಲ್ಲಿ ನೀರು ತುಂಬಿದೆ, ಆ ಕಡೆ ಹೋಗಲೂ ಬೇಡ. ಬೆಂಗಳೂರಿಂದ ಮಾರಿಕುಪ್ಪಂಗೆ ಟಿಕೆಟ್ ತೆಗೆದುಕೋ. ಹೋಗುವಾಗ ಸುಮ್ನೆ ಕಿಟಕಿ ಪಕ್ಕ ಕೂತು ನೋಡುತ್ತಾ ಹೋಗು. ಕೆಜಿಎಫ್ ಹತ್ತಿರ ಬಂದ ಹಾಗೆ ಬೂದಿ ಬಣ್ಣದ ಬೋಳು ಗುಡ್ಡಗಳು ಕಾಣುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ಅದು, ನಾವು ಸೈನೈಡ್ ಗುಡ್ಡ ಅನ್ನುತ್ತೇವೆ. ಗಾಳಿಗಾಲದಲ್ಲಿ ಆ ಧೂಳು ಮನೆಗಳಿಗೆ ಬರುತ್ತದೆ, ಅದರ ಬಗ್ಗೆಯೂ ಬರೆ. ಹತ್ತಿರ ಹೋಗಿ ಹತ್ತಬೇಡ. ಮಾರಿಕುಪ್ಪಂನಲ್ಲಿ ಇಳಿದು ಆಟೋದಲ್ಲಿ ಚಾಂಪಿಯನ್ ರೀಫ್, ಊರಿಗಾಂ, ರಾಬರ್ಟ್‌ಸನ್‌ಪೇಟೆ ನೋಡಿಕೊಂಡು ವಾಪಸ್ ಬರಬಹುದು. ಲೈನ್ ಮನೆಗಳ ಕಡೆ ಹೋದರೆ ಗಣಿಯಲ್ಲಿ ದುಡಿದ ತಾತಂದಿರು ಸಿಗುತ್ತಾರೆ. ಕ್ಯಾಮೆರಾ ಆಮೇಲೆ ತೆಗೆ, ಮೊದಲು ಕೂತು ಮಾತಾಡು. ಸ್ವಲ್ಪ ತಮಿಳು ಬರುವ ಗೆಳತಿ ಜೊತೆಗಿದ್ದರೆ ಒಳ್ಳೆಯದು.

ಗಾರ್ಡ್ ಡಬ್ಬಿ

ಹಳಿಯ ಮೇಲೆ ನಡೆದು ಫೋಟೋ ತೆಗೆಯಬೇಡ ಮಗಳೇ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಸೆಲ್ಫಿ ಕೋಲು ಎತ್ತಲೇಬಾರದು. ಸ್ಟೇಷನ್ ಮಾಸ್ಟರ್‌ಗೆ ಕಾಲೇಜಿನ ಪತ್ರ ತೋರಿಸಿ ಕೇಳಿ ತೆಗೆದುಕೋ. ಯಾವ ದಿನ ಯಾವ ಗಾಡಿ ಓಡುತ್ತದೆ ಅಂತ ಹೊರಡುವ ಮುಂಚೆ ನೋಡಿಕೋ.

ಲೇಡೀಸ್ ಬೋಗಿ

ವಾರದ ದಿನ ಬಂದರೆ ಸಂಜೆ ವಾಪಸ್ ಬರುವ ಗಾಡಿಗೆ ವೈಟ್‌ಫೀಲ್ಡ್‌ನಲ್ಲಿ ನಮ್ಮ ಬೋಗಿಗೆ ಹತ್ತು ತಂಗಿ. ಒಬ್ಬೊಬ್ಬರ ಅಜ್ಜಿ ತಾತ ಎಲ್ಲಿಂದ ಬಂದರು ಅಂತ ಬಿಇಎಂಎಲ್ ನಗರ ಬರುವಷ್ಟರಲ್ಲಿ ನಿನಗೆ ನೋಟ್‌ಬುಕ್ ತುಂಬಾ ಸಿಗುತ್ತದೆ. ರಾತ್ರಿ ನಮ್ಮ ಮನೆಯಲ್ಲೇ ಇದ್ದು ಬೆಳಗ್ಗೆ ಮೊದಲ ಗಾಡಿಗೆ ಹೊರಡಬಹುದು. ಬರುವ ದಿನ ಇಲ್ಲೇ ಬರೆದು ತಿಳಿಸು.